ಚರ್ಚೆ ನೋಡಿದ್ದು ಚಿಕ್ಕಮಗಳೂರಿನದು, ನನ್ನ ಓಟು ಇದ್ದದ್ದು ಹಾಸನಕ್ಕೆ

ಆ ಭಾನುವಾರ ರಾತ್ರಿ ಬೇಗ ಊಟ ಮುಗಿಸಿ ಮೂರೂ ಜನ ಟಿವಿ ಮುಂದೆ ಕೂತೆವು. ನಾನು, ಹೆಂಡತಿ, ಪಿಯುಸಿ ಓದುವ ಮಗಳು. ಲೋಕಸಭೆ ಚುನಾವಣೆಯ ದಿನಾಂಕ ಹಿಂದಿನ ದಿನವಷ್ಟೇ ಘೋಷಣೆಯಾಗಿತ್ತು. ಉಡುಪಿ ಚಿಕ್ಕಮಗಳೂರು ಕ್ಷೇತ್ರದಲ್ಲಿ ಟಿಕೆಟ್ ಖಾತ್ರಿಯಾಗಿದ್ದ ಇಬ್ಬರನ್ನು, ಪಕ್ಷೇತರರಾಗಿ ನಿಲ್ಲುತ್ತೇನೆ ಅಂದಿದ್ದ ಒಬ್ಬರನ್ನು ಒಂದೇ ವೇದಿಕೆಗೆ ಕರೆಸಿದ್ದರು. ಯಾವ ಚಾನೆಲ್, ಯಾವ ಪಕ್ಷ, ಯಾರ ಹೆಸರು ಅಂತ ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅದನ್ನೇ ಹಿಡಿದುಕೊಳ್ಳುತ್ತಾರೆ. ನಾನು ಹೇಳಬೇಕಾದದ್ದು ಬೇರೆ ಇದೆ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡುವ ಕಾರ್ಖಾನೆಯಲ್ಲಿ, ತೂಕದ ಲೆಕ್ಕ ಬರೆಯುವವನು. ಲೆಕ್ಕ ಬರೆಯುವ ಅಭ್ಯಾಸದಿಂದಲೋ ಏನೋ, ಮಗಳ ಹಳೆಯ ನೋಟ್‌ಬುಕ್ ತಗೊಂಡು ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದೆ. ಯಾರು ಏನು ಹೇಳಿದರು ಅಂತ ಬರೆದುಕೊಳ್ಳಬೇಕು ಅಂತಿತ್ತು.

ಮೊದಲ ಪ್ರಶ್ನೆ ರಸ್ತೆಯದು. ಚಾರ್ಮಾಡಿ ಘಾಟಿಯಿಂದಲೇ ಶುರುವಾಯಿತು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿದ್ದ ದಾರಿ ಅದು. ಮೂಡಿಗೆರೆ ಕಡೆಯವರಿಗೆ ಮಂಗಳೂರಿನ ಆಸ್ಪತ್ರೆಗೆ ಹೋಗಲು ಅದೇ ದಾರಿ. ಮೊದಲನೆಯವರು ಎದೆ ತಟ್ಟಿಕೊಂಡು, "ನನ್ನ ಸಂಸದರ ನಿಧಿ ಒಂದರಿಂದಲೇ ಕ್ಷೇತ್ರದ ಎಲ್ಲ ಹಳ್ಳಿ ರಸ್ತೆ ಮಾಡಿಸಿಕೊಡುತ್ತೇನೆ" ಅಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ನನಗೂ ಖುಷಿಯಾಯಿತು. ಹೆಸರಿನ ಕೆಳಗೆ ಒಂದು ಗುರುತು ಹಾಕಿದೆ.

ಆಮೇಲೆ ಚಿಕ್ಕಮಗಳೂರು, ಬೇಲೂರು, ಹಾಸನ ರೈಲಿನ ಮಾತು ಬಂತು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂದಿದ್ದನ್ನು ತಮ್ಮ ಕಾಲದ್ದು, ತಮ್ಮ ಪಕ್ಷದ್ದು ಅಂತ ಇಬ್ಬರೂ ಹೇಳಿಕೊಂಡರು. ಮುಂದಿನ ಲೈನಿನ ಬಗ್ಗೆ ಯಾರೂ ನೇರವಾಗಿ ಉತ್ತರ ಕೊಡಲಿಲ್ಲ.

ಮೂರನೆಯ ಪ್ರಶ್ನೆ ಆನೆಯದು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಮೂರು ಜನವೂ ಮಾತಾಡುತ್ತಾ ನೋಡುತ್ತಿದ್ದೆವು. ಆನೆ ಅಂದ ಕೂಡಲೇ ಹೆಂಡತಿ ಸುಮ್ಮನಾದಳು. ಅವಳ ತವರು ಆಲೂರು ತಾಲ್ಲೂಕು. ಎರಡು ವರ್ಷದ ಹಿಂದೆ ಅವಳ ತಮ್ಮ ಸಂಜೆ ಹೊತ್ತು ತೋಟದಿಂದ ಬರುವಾಗ ತಿರುವಿನಲ್ಲಿ ಆನೆ ಎದುರಾಯಿತು. ಓಡಲು ಹೋಗಿ ಚರಂಡಿಗೆ ಬಿದ್ದು ಕಾಲು ಮುರಿಯಿತು. ಜೀವ ಉಳಿಯಿತು. ಆದರೆ ಈಗಲೂ ಕುಂಟುತ್ತಾನೆ, ಸಂಜೆ ಐದಾದ ಮೇಲೆ ಮನೆ ಬಿಟ್ಟು ಹೊರಗೆ ಬರುವುದಿಲ್ಲ.

ಸಭೆಯಲ್ಲಿದ್ದ ಒಬ್ಬ ಹೆಂಗಸು ಕೇಳಿದರು. ತೋಟದ ಕೆಲಸಕ್ಕೆ ಹೋಗುವವರು ಅಂತ ನೋಡಿದರೆ ಗೊತ್ತಾಗುತ್ತಿತ್ತು. "ಬೆಳಗ್ಗೆ ಕೆಲಸಕ್ಕೆ ಹೋದೋರು ಸಂಜೆ ವಾಪಸ್ ಬರ್ತೀವೋ ಇಲ್ವೋ ಗೊತ್ತಿಲ್ಲ. ನೀವು ಗೆದ್ದರೆ ಏನು ಮಾಡ್ತೀರಿ?" ಇಷ್ಟೇ ಪ್ರಶ್ನೆ.

ಮೊದಲನೆಯವರು, "ಇದು ರಾಜ್ಯದ ಅರಣ್ಯ ಇಲಾಖೆ ಕೆಲಸ, ಅವರನ್ನೇ ಕೇಳಬೇಕು" ಅಂದರು. ಎರಡನೆಯವರು, "ಕಾನೂನು ಕೇಂದ್ರದ್ದು, ನಮ್ಮ ಕೈ ಕಟ್ಟಿಹಾಕಿದ್ದಾರೆ" ಅಂದರು. ಅಲ್ಲಿಂದ ಜಗಳ ಶುರು. ಇಬ್ಬರ ಕಡೆಯವರೂ ಎದ್ದು ನಿಂತರು, ಘೋಷಣೆ ಕೂಗಿದರು. ನಡೆಸಿಕೊಡುವವರು ಅದನ್ನು ನಿಲ್ಲಿಸಲಿಲ್ಲ. ಕ್ಯಾಮೆರಾ ಒಂದು ಸಲ ಆ ಹೆಂಗಸಿನ ಕಡೆ ತಿರುಗಿತು. ಅವರು ಇನ್ನೂ ಮೈಕು ಹಿಡಿದುಕೊಂಡೇ ನಿಂತಿದ್ದರು. ಅವರ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ, ಕೂತುಕೊಳ್ಳಿ ಅಂತಲೂ ಯಾರೂ ಹೇಳಿರಲಿಲ್ಲ.

ಆ ಮುಖ ನೋಡಿ ನನಗೆ ಬಂದ ಸಿಟ್ಟು ಎಷ್ಟು ಅಂತ ಹೇಳಲಾರೆ. ಹೆಂಡತಿ ಅಳುತ್ತಿದ್ದಳು.

ಪಕ್ಷೇತರರಿಗೆ ಮಾತಾಡಲು ಸಿಕ್ಕಿದ್ದು ಕೊನೆಗೆ, ಅದೂ ಅರ್ಧ ನಿಮಿಷ. "ನನಗೆ ಇದರ ಎಲ್ಲಾ ಕಾನೂನು ಗೊತ್ತಿಲ್ಲಮ್ಮ. ತಿಳಿದುಕೊಂಡು ಹೇಳ್ತೀನಿ" ಅಂದರು. ಜನ ಹೋ ಅಂತ ಕೂಗಿದರು. ಹೆಂಡತಿ ಕಣ್ಣೊರೆಸಿಕೊಂಡು, "ಅವರೊಬ್ಬರೇ ರೀ ಆಯಮ್ಮನ ಮುಖ ನೋಡಿ ಮಾತಾಡಿದ್ದು" ಅಂದಳು.

ಕಾರ್ಯಕ್ರಮ ಮುಗಿದ ಮೇಲೂ ನಾನು ಜೋರಾಗಿ ಮಾತಾಡುತ್ತಲೇ ಇದ್ದೆ. ಇಂಥವರಿಗೆ ಓಟು ಹಾಕಲ್ಲ, ಅವರಿಗೆ ಬುದ್ಧಿ ಕಲಿಸುತ್ತೇನೆ ಅಂತೆಲ್ಲಾ. ಮಗಳು ಕೇಳಿದಳು: "ಅಪ್ಪ, ನಿಮ್ಮ ಓಟು ಇರೋದು ಕಡೂರಲ್ಲಿ ಅಲ್ವಾ? ಕಡೂರು ಹಾಸನ ಕ್ಷೇತ್ರಕ್ಕೆ ಬರುತ್ತೆ. ಇವರಲ್ಲಿ ಯಾರಿಗೂ ನೀವು ಓಟು ಹಾಕೋಕೂ ಆಗಲ್ಲ, ಹಾಕದೇ ಇರೋಕೂ ಆಗಲ್ಲ."

ನನಗೆ ಮಾತೇ ಹೊರಡಲಿಲ್ಲ. ಅವಳು ಹೇಳಿದ್ದು ಸರಿ. 2008ರ ಮರುವಿಂಗಡಣೆಯಲ್ಲಿ ಆದ ಉಡುಪಿ ಚಿಕ್ಕಮಗಳೂರು ಕ್ಷೇತ್ರದಲ್ಲಿ ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಈ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಕಡೂರು ನಮ್ಮದೇ ಜಿಲ್ಲೆಯಾದರೂ ಅದರ ಓಟು ಹಾಸನದ ಸಂಸದರಿಗೆ. ನಾನು ಹುಟ್ಟಿದ್ದು ಕಡೂರಿನ ಹತ್ತಿರದ ಹಳ್ಳಿಯಲ್ಲಿ. ಕೆಲಸಕ್ಕೆ ಇಲ್ಲಿಗೆ ಬಂದು ಆರು ವರ್ಷವಾಯಿತು. ಪ್ರತಿ ಚುನಾವಣೆಗೂ ಊರಿಗೆ ಹೋಗಿ ಓಟು ಹಾಕಿ, ಅಮ್ಮನ ಕೈಯೂಟ ಮಾಡಿ ಬರುತ್ತಿದ್ದೆ. ಹೆಂಡತಿಯ ಹೆಸರೂ ಅಲ್ಲೇ. ನಾನು ದಿನಾ ಓಡಾಡುವ ರಸ್ತೆ, ಮಗಳು ಓದುವ ಕಾಲೇಜು, ಕಾಯಿಲೆಯಾದರೆ ಹೋಗುವ ಆಸ್ಪತ್ರೆ ಎಲ್ಲಾ ಇಲ್ಲಿ. ಇಲ್ಲಿಗೆ ಯಾರು ಬರಬೇಕು ಅನ್ನುವುದರಲ್ಲಿ ಮಾತ್ರ ನನ್ನ ಪಾಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಗ್ಗೆ ಕೆಲಸಕ್ಕೆ ಹೋದ ತಕ್ಷಣ ಗೊತ್ತಿರುವವರನ್ನು ಕೇಳಿದೆ. ಒಬ್ಬರು, "ಸುಮ್ನೆ ಫಾರಂ 6 ಹಾಕಿ, ಹೊಸ ಓಟು ಬರುತ್ತೆ. ಹಳೇದು ಅಲ್ಲೇ ಇರಲಿ, ಯಾರು ನೋಡ್ತಾರೆ" ಅಂದರು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಫಾರಂ 6 ಮೊದಲ ಸಲ ಹೆಸರು ಸೇರಿಸುವವರಿಗೆ. ಬೇರೆ ಕಡೆ ಹೆಸರಿಲ್ಲ ಅಂತ ಅದರಲ್ಲಿ ಸಹಿ ಹಾಕಬೇಕು. ಸುಳ್ಳು ಹೇಳಿದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಜೈಲು ಆಗಬಹುದು. ಎರಡು ಕಡೆ ಹೆಸರು ಇಟ್ಟುಕೊಳ್ಳುವುದೇ ತಪ್ಪು.

1950 ನಂಬರಿಗೆ ಫೋನ್ ಮಾಡಿದೆ. ಮತದಾರರ ಸಹಾಯವಾಣಿ ಅದು. ಮನೆ ಬದಲಾಯಿಸಿದವರಿಗೆ ಫಾರಂ 8 ಅಂತ ಹೇಳಿದರು. 2022ರ ಆಗಸ್ಟ್ 1ರಿಂದ ಹೀಗೆ. ಅದಕ್ಕೂ ಮೊದಲು ಬೇರೆ ಕ್ಷೇತ್ರಕ್ಕೆ ಹೋದವರು ಫಾರಂ 6 ಹಾಕಬೇಕಿತ್ತು, ಅದಕ್ಕೇ ಹಳಬರು ಈಗಲೂ ಅದನ್ನೇ ಹೇಳುತ್ತಾರೆ. ಫಾರಂ 8ರಲ್ಲಿ ಹೊಸ ಕಡೆ ಹೆಸರು ಸೇರಿದರೆ ಹಳೆಯ ಕಡೆ ತಾನಾಗಿ ಹೋಗುತ್ತದೆ. ಎಪಿಕ್ ನಂಬರ್, ಅಂದರೆ ಗುರುತಿನ ಚೀಟಿಯ ನಂಬರ್, ಹಳೆಯದೇ ಇರುತ್ತದೆ.

ಇನ್ನೊಂದು ಮುಖ್ಯ ವಿಷಯವನ್ನೂ ಅವರೇ ಹೇಳಿದರು. ಈ ಚುನಾವಣೆಗೇ ಆಗಬೇಕು ಅಂದರೆ ನಾಮಪತ್ರ ಹಾಕುವ ಕೊನೆಯ ದಿನಕ್ಕೆ ಹತ್ತು ದಿನ ಮುಂಚೆ ಅರ್ಜಿ ಸೇರಿರಬೇಕು. ಲೆಕ್ಕ ಹಾಕಿದರೆ ನನ್ನ ಹತ್ತಿರ ಒಂದು ವಾರ ಮಾತ್ರ ಇತ್ತು. ಇದನ್ನು ಓದುತ್ತಿರುವವರು ದಿನಾಂಕ ಘೋಷಣೆ ಆಗುವವರೆಗೆ ಕಾಯಬೇಡಿ. ವರ್ಷವಿಡೀ ಅರ್ಜಿ ತಗೋತಾರೆ.

ಆದರೆ ಅರ್ಜಿಗೆ ಮೊದಲು ಊರಿಗೆ ಹೋಗಬೇಕಿತ್ತು. ನಮ್ಮ ಗುರುತಿನ ಚೀಟಿಗಳು ಅಮ್ಮನ ಟ್ರಂಕಿನಲ್ಲಿದ್ದವು. ಅದಕ್ಕಿಂತ ಜಾಸ್ತಿ, ಅಮ್ಮನಿಗೆ ಹೇಳಬೇಕಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಕಡೂರು ಬಸ್ಸು ಹತ್ತಿದೆ.

ಅಮ್ಮ ಚೀಟಿ ತೆಗೆದುಕೊಟ್ಟರು. ಯಾಕೆ ಅಂತ ಕೇಳಿದಾಗ ಹೇಳಿದೆ. ಅವರು ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಊರಿನ ಲಿಸ್ಟಿಂದ ನಿನ್ನ ಹೆಸರು ತೆಗೆಸ್ತೀಯೇನಪ್ಪ? ಹಂಗಾದ್ರೆ ಪಂಚಾಯ್ತಿ ಎಲೆಕ್ಷನ್ನಿಗೂ ಬರಲ್ವಾ?" ಅಂದರು.

ಇದಕ್ಕೆ ನಾನು ತಯಾರಾಗಿ ಹೋಗಿರಲಿಲ್ಲ. ಗ್ರಾಮ ಪಂಚಾಯ್ತಿಯ ಪಟ್ಟಿ ವಿಧಾನಸಭೆಯ ಪಟ್ಟಿಯ ಮೇಲೇ ಆಗುವುದು. ಅಲ್ಲಿ ಹೆಸರು ಹೋದರೆ ಪಂಚಾಯ್ತಿಯ ಓಟೂ ಹೋಗುತ್ತದೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಯಜಮಾನ ಅಂತ ಊರಿನಲ್ಲಿ ಕರೆಯುವುದು ನನ್ನನ್ನೇ. ನಮ್ಮ ಬೀದಿಗೆ ನಲ್ಲಿ ಬಂದದ್ದು, ಕೆರೆ ಏರಿ ಮೇಲೆ ದೀಪ ಬಂದದ್ದು ಪಂಚಾಯ್ತಿಯಲ್ಲಿ ನಾವು ಕೂತು ಮಾತಾಡಿದ್ದರಿಂದ. ಅದನ್ನೆಲ್ಲಾ ಬಿಟ್ಟುಕೊಟ್ಟ ಹಾಗೆ ಅನ್ನಿಸಿ ಗಂಟಲು ಕಟ್ಟಿತು. ಜಮೀನು, ಪಹಣಿ, ರೇಷನ್ ಕಾರ್ಡಿಗೆ ಇದರಿಂದ ಏನೂ ಆಗಲ್ಲಮ್ಮ ಅಂತ ಸಮಾಧಾನ ಹೇಳಿದೆ. ಅದು ನಿಜವೂ ಹೌದು. ಪಟ್ಟಿಯಿಂದ ಹೆಸರು ಹೋದರೆ ಆಸ್ತಿಗೆ ತೊಂದರೆ ಅಂತ ಹಳ್ಳಿಗಳಲ್ಲಿ ಹೆದರಿಸುವವರಿದ್ದಾರೆ. ನಂಬಬೇಡಿ.

ಊಟಕ್ಕೆ ಕೂತಾಗ ಚರ್ಚೆಯ ವಿಷಯ ಹೇಳಿದೆ. ಆ ತೋಟದ ಹೆಂಗಸಿನ ಪ್ರಶ್ನೆ, ಆಮೇಲಿನ ಗಲಾಟೆ. ಅಮ್ಮನಿಗೆ 1978ರ ಉಪಚುನಾವಣೆ ಚೆನ್ನಾಗಿ ನೆನಪಿದೆ. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟು, ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತು, ವೀರೇಂದ್ರ ಪಾಟೀಲರ ಎದುರು ಗೆದ್ದದ್ದು ಆಗಲೇ. "ಆಗ ಜೀಪಿಗೆ ಮೈಕು ಕಟ್ಕೊಂಡು ಬರೋರು. ಹೇಳಿದ್ದು ಗಾಳೀಲಿ ಹೋಗೋದು. ಮತ್ತೆ ಕೇಳ್ತೀನಿ ಅಂದ್ರೆ ಆಗ್ತಿರಲಿಲ್ಲ. ನಿಂಗೆ ಮೊಬೈಲಲ್ಲಿ ಮತ್ತೆ ಹಾಕ್ಕೊಂಡು ಕೇಳಬಹುದಲ್ಲ, ಸಿಟ್ಟಿಲ್ದೆ ಒಂದ್ಸಲ ಕೇಳು" ಅಂದರು. ಬೆಳಗ್ಗೆ ಹೊರಡುವಾಗ, "ಇರೋ ಕಡೆ ಓಟು ಇರಲಿ ಬಿಡು" ಅಂದರು. ಮನಸ್ಸಿನಿಂದ ಹೇಳಿದರೋ ನನಗೋಸ್ಕರ ಹೇಳಿದರೋ ಗೊತ್ತಿಲ್ಲ.

ಮಂಗಳವಾರ ರಾತ್ರಿ ವೋಟರ್ ಹೆಲ್ಪ್‌ಲೈನ್ ಆ್ಯಪ್‌ನಲ್ಲಿ ಅರ್ಜಿ ಹಾಕಲು ಕೂತೆ. ಮಗಳು ಸಹಾಯ ಮಾಡಿದಳು. ಮೊಬೈಲ್ ನಂಬರ್, ಓಟಿಪಿ, ಎಪಿಕ್ ನಂಬರ್, ಹೊಸ ವಿಳಾಸ. ಹತ್ತಿರದ ಮನೆಯವರ ಎಪಿಕ್ ನಂಬರ್ ಗೊತ್ತಿದ್ದರೆ ನಮ್ಮ ಮತಗಟ್ಟೆ ಯಾವುದು ಅಂತ ನೋಡಿಕೊಳ್ಳುವುದು ಸುಲಭ. ವಿಳಾಸದ ದಾಖಲೆ ಅಂತ ಬಾಡಿಗೆ ಅಗ್ರಿಮೆಂಟಿನ ಫೋಟೋ ಹಾಕಿದೆವು. ಫೋಟೋ ದೊಡ್ಡದಾಯಿತು ಅಂತ ಮೂರು ಸಲ ವಾಪಸ್ ಬಂತು. ಕೊನೆಗೆ ಬೆಳಗ್ಗೆ ನೆಟ್ ಸೆಂಟರಿಗೆ ಹೋಗಿ 80 ರೂಪಾಯಿ ಕೊಟ್ಟು ಇಬ್ಬರದ್ದೂ ಹಾಕಿಸಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಅರ್ಜಿ. ಅರ್ಜಿಗೆ ಫೀಸಿಲ್ಲ, ಆ ದುಡ್ಡು ಸೆಂಟರಿನವರದ್ದು. ರೆಫರೆನ್ಸ್ ನಂಬರ್ ಬಂತು. ಕೆಲಸ ಆಯಿತು ಅಂದುಕೊಂಡೆ.

ಗುರುವಾರ ಮಧ್ಯಾಹ್ನ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಫೋನ್ ಮಾಡಿದರು. ನಮ್ಮ ಭಾಗಕ್ಕೆ ಅಂಗನವಾಡಿ ಟೀಚರ್ ಒಬ್ಬರು ಬಿಎಲ್‌ಒ. ಸಂಜೆ ಮನೆಗೇ ಬಂದರು. ಅಗ್ರಿಮೆಂಟ್ ನೋಡಿದವರೇ, "ಅಣ್ಣ, ಇದು ನಡೆಯಲ್ಲ. ರಿಜಿಸ್ಟರ್ ಆಗಿರೋದೇ ಬೇಕು" ಅಂದರು. ನಮ್ಮದು ಎಲ್ಲರ ಹಾಗೆ ಹನ್ನೊಂದು ತಿಂಗಳದ್ದು, ಬರೀ ಸ್ಟಾಂಪ್ ಪೇಪರ್ ಮೇಲೆ ಬರೆದದ್ದು. ಆಧಾರ್ ಇಬ್ಬರದ್ದೂ ಊರಿನ ವಿಳಾಸದ್ದು. ಕರೆಂಟ್ ಬಿಲ್ ಮನೆ ಓನರ್ ಹೆಸರಿನಲ್ಲಿ.

ಏನೇನು ನಡೆಯುತ್ತದೆ ಅಂತ ಅವರೇ ಬಿಡಿಸಿ ಹೇಳಿದರು. ಆಧಾರ್, ಪಾಸ್‌ಪೋರ್ಟ್, ಬ್ಯಾಂಕ್ ಅಥವಾ ಪೋಸ್ಟ್ ಆಫೀಸಿನ ಪಾಸ್‌ಬುಕ್, ಒಂದು ವರ್ಷಕ್ಕೆ ಕಡಿಮೆ ಇಲ್ಲದ ನೀರು, ಕರೆಂಟ್ ಅಥವಾ ಗ್ಯಾಸ್ ಬಿಲ್, ಜಮೀನಿನ ಕಂದಾಯ ದಾಖಲೆ, ನೋಂದಣಿಯಾದ ಬಾಡಿಗೆ ಕರಾರು ಅಥವಾ ಕ್ರಯಪತ್ರ. ಇಷ್ಟರಲ್ಲಿ ಒಂದು, ಹೊಸ ವಿಳಾಸದಲ್ಲಿ. ತಂದೆ ತಾಯಿ, ಗಂಡ ಹೆಂಡತಿ, ವಯಸ್ಕ ಮಕ್ಕಳ ಹೆಸರಿನ ದಾಖಲೆಯೂ ನಡೆಯುತ್ತದೆ. ಆದರೆ ಅವರು ಅದೇ ವಿಳಾಸದಲ್ಲಿ ಈಗಾಗಲೇ ಮತದಾರರಾಗಿರಬೇಕು.

ಹೆಂಡತಿ ಒಳಗೆ ಹೋಗಿ ಗ್ಯಾಸಿನ ಫೈಲ್ ತಂದಳು. ಗ್ಯಾಸ್ ಅವಳ ಹೆಸರಿನಲ್ಲಿದೆ, ಹದಿನಾಲ್ಕು ತಿಂಗಳ ಹಿಂದೆ ಈ ಮನೆಗೆ ವರ್ಗ ಮಾಡಿಸಿದ್ದೆವು. ಎಲ್ಲ ಬಿಲ್ಲನ್ನೂ ಅವಳು ಜೋಡಿಸಿಟ್ಟಿದ್ದಳು. ಟೀಚರ್ ಅವಳದ್ದು ಅಲ್ಲೇ ಓಕೆ ಮಾಡಿದರು. ನನ್ನದು ಉಳಿಯಿತು. ಅವಳ ಹೆಸರು ಇನ್ನೂ ಪಟ್ಟಿಗೆ ಸೇರಿಲ್ಲದ ಕಾರಣ ಅವಳ ಬಿಲ್ಲು ನನಗೆ ಆಗುವುದಿಲ್ಲ. "ಶನಿವಾರದೊಳಗೆ ಏನಾದರೂ ಒಂದು ಕೊಡಿ ಅಣ್ಣ, ಆಮೇಲೆ ನನ್ನ ಕೈಯಲ್ಲಿ ಇರಲ್ಲ" ಅಂದರು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಸಂಬಳ ಬರುವ ಬ್ಯಾಂಕಿಗೆ ಹೋದೆ. ಪಾಸ್‌ಬುಕ್ಕಿನ ವಿಳಾಸ ಬದಲಾಯಿಸಬೇಕು ಅಂದೆ. ಕೌಂಟರಿನವರು ಆಧಾರ್ ಬದಲಾಯಿಸಿಕೊಂಡು ಬನ್ನಿ ಅಂದರು. ಆಧಾರ್ ಸೆಂಟರಿನಲ್ಲಿ ಅದೇ ಅಗ್ರಿಮೆಂಟ್ ಕಥೆ, ಸಾಲದ್ದಕ್ಕೆ ವಾರಗಟ್ಟಲೆ ಕಾಯಬೇಕು. ಮತ್ತೆ ಬ್ಯಾಂಕಿಗೆ ಬಂದೆ. ಹನ್ನೆರಡೂವರೆ ಆಗಿತ್ತು. ಧೈರ್ಯ ಮಾಡಿ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಹೇಳುವಾಗ ನನ್ನ ದನಿ ನಡುಗುತ್ತಿತ್ತು. ಅವರು, ಈಗಿರುವ ವಿಳಾಸ ಬೇರೆಯಾಗಿದ್ದರೆ ಗ್ರಾಹಕರೇ ಬರೆದು ಸಹಿ ಹಾಕಿಕೊಟ್ಟ ಘೋಷಣೆಯನ್ನು ತಗೋಬಹುದು ಅಂತ ಕೌಂಟರಿನವರಿಗೆ ಹೇಳಿದರು. ಒಂದು ಹಾಳೆ ಬರೆದುಕೊಟ್ಟೆ. ಮೂರೂವರೆಗೆ ಹೊಸ ವಿಳಾಸ ಪ್ರಿಂಟಾದ ಪಾಸ್‌ಬುಕ್ ಕೈಗೆ ಬಂತು. ಅದನ್ನು ಹಿಡಿದುಕೊಂಡು ಬಿಸಿಲಲ್ಲಿ ಅಂಗನವಾಡಿಗೆ ನಡೆದುಕೊಂಡೇ ಹೋದೆ.

ಆಮೇಲೆ ಕಾಯುವುದು. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು, ಆಮೇಲೇ ತೀರ್ಮಾನ. ದಿನಕ್ಕೆ ನಾಲ್ಕು ಸಲ ಆ್ಯಪ್ ತೆಗೆದು ನೋಡುತ್ತಿದ್ದೆ. ಬಿಎಲ್‌ಒ ಪರಿಶೀಲನೆ ಆಗಿದೆ ಅಂತ ತೋರಿಸಿ ಅಲ್ಲೇ ನಿಂತುಬಿಟ್ಟಿತು. ಊರಿನ ಹೆಸರು ಹೋಗಿ ಇಲ್ಲಿಯದ್ದೂ ಬರದಿದ್ದರೆ ಅನ್ನುವ ಹೆದರಿಕೆ ಬೇರೆ.

ಆ ದಿನಗಳಲ್ಲೇ ಅಮ್ಮ ಹೇಳಿದ ಮಾತು ನೆನಪಾಯಿತು. ಚರ್ಚೆ ಯೂಟ್ಯೂಬಿನಲ್ಲಿತ್ತು. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಮತ್ತೆ ನೋಡಿದೆ, ನಿಲ್ಲಿಸಿ ನಿಲ್ಲಿಸಿ.

ಮೊದಲನೆಯವರ ರಸ್ತೆ ಮಾತಿಗೆ ನಾನು ಹಾಕಿದ್ದ ಗುರುತು ಅಲ್ಲೇ ಇತ್ತು. ಸಂಸದರ ನಿಧಿ ಎಷ್ಟು ಅಂತ ಹುಡುಕಿದೆ. ವರ್ಷಕ್ಕೆ 5 ಕೋಟಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ 62.5 ಲಕ್ಷ. ಅದರಲ್ಲೂ ಪರಿಶಿಷ್ಟ ಜಾತಿಯವರಿರುವ ಕಡೆಗೆ ಶೇ 15, ಪರಿಶಿಷ್ಟ ಪಂಗಡದವರಿರುವ ಕಡೆಗೆ ಶೇ 7.5 ಕೊಡಲೇಬೇಕು. ಶಾಲೆ, ನೀರು, ಸಮುದಾಯ ಭವನ ಎಲ್ಲವೂ ಇದರಲ್ಲೇ. ಕಾಫಿ ಚೀಲದ ಲೆಕ್ಕ ಬರೆಯುವ ನನಗೆ ಈ ಲೆಕ್ಕ ಕಷ್ಟವಲ್ಲ. ಆ ದುಡ್ಡಿನಲ್ಲಿ ಎಲ್ಲ ಹಳ್ಳಿ ರಸ್ತೆ ಆಗುವುದು ಸಾಧ್ಯವೇ ಇಲ್ಲ. ನಾನು ಖುಷಿಪಟ್ಟು ಗುರುತು ಹಾಕಿದ್ದು ಆಗದ ಮಾತಿಗೆ.

ಆನೆಯ ಉತ್ತರವನ್ನು ಐದಾರು ಸಲ ಕೇಳಿದೆ. ರಾಜ್ಯದ್ದು ಅಂತ ಒಬ್ಬರು, ಕೇಂದ್ರದ್ದು ಅಂತ ಇನ್ನೊಬ್ಬರು. ಕಾಡು ಮತ್ತು ಕಾಡುಪ್ರಾಣಿಗಳ ರಕ್ಷಣೆ ಎರಡೂ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿವೆ. ಅಂದರೆ ಕೇಂದ್ರ, ರಾಜ್ಯ ಇಬ್ಬರಿಗೂ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮಾಡಿದ್ದು ಸಂಸತ್ತು. ಆ ಕಾಯ್ದೆಯಲ್ಲಿ ಆನೆ ಹಿಡಿಯಲು ಅಪ್ಪಣೆ ಕೊಡುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. 1992ರಿಂದ ಕೇಂದ್ರದ ಆನೆ ಯೋಜನೆಯೂ ಇದೆ. ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿಯ ಬೇಲಿಗೆ ದುಡ್ಡು ಕೇಳುವುದು, ಸಂಸತ್ತಿನಲ್ಲಿ ಪ್ರಶ್ನೆ ಎತ್ತುವುದು ಸಂಸದರ ಕೆಲಸವೇ. ಇಬ್ಬರೂ ಅರ್ಧರ್ಧ ಸತ್ಯ ಹೇಳಿ ಆ ಹೆಂಗಸನ್ನು ನಿಲ್ಲಿಸಿಯೇ ಬಿಟ್ಟಿದ್ದರು. ಪಕ್ಷೇತರರು ಗೊತ್ತಿಲ್ಲ ಅಂದದ್ದಕ್ಕೆ ನಾನು ಅವರ ಹೆಸರಿನ ಕೆಳಗೆ ಅಡ್ಡಗೆರೆ ಎಳೆದಿದ್ದೆ. ಅದನ್ನು ಒರೆಸಿದೆ.

ನಾಮಪತ್ರ ಸಲ್ಲಿಕೆ ಶುರುವಾದ ಮೇಲೆ ಅಫಿಡವಿಟ್‌ಗಳು, ಅಂದರೆ ಅಭ್ಯರ್ಥಿಗಳು ಪ್ರಮಾಣ ಮಾಡಿ ಕೊಡುವ ವಿವರಗಳು, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ, 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್‌ನಲ್ಲಿ ಬಂದವು. ಇದನ್ನು ದಯವಿಟ್ಟು ಓದಿ. ಫಾರಂ 26 ಅಂತ ಕರೆಯುತ್ತಾರೆ. ಸುಪ್ರೀಂ ಕೋರ್ಟ್ 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳಿಂದ ನಮಗೆ ಸಿಕ್ಕಿದ ಹಕ್ಕು ಇದು. ಐದು ವರ್ಷದ ಆದಾಯ, ಹೆಂಡತಿ ಅಥವಾ ಗಂಡನ ಆಸ್ತಿ, ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಕೇಸುಗಳು, ಓದು ಎಲ್ಲಾ ಇರುತ್ತದೆ. ಕೈಬರಹದ ಸ್ಕ್ಯಾನ್ ಆಗಿದ್ದರೆ ಮೊಬೈಲಿನಲ್ಲಿ ಓದುವುದು ಕಷ್ಟ. ನಾನು 40 ರೂಪಾಯಿ ಕೊಟ್ಟು ಬೇಕಾದ ಪುಟ ಪ್ರಿಂಟ್ ತೆಗೆಸಿದೆ.

ನಾವು ಮೆಚ್ಚಿಕೊಂಡಿದ್ದ ಪಕ್ಷೇತರರ ಮೇಲೆ ಎರಡು ಕೇಸಿದ್ದವು. ನೋಡಿದ ಕೂಡಲೇ ಹೆಂಡತಿಯ ಮುಖ ಬಾಡಿತು. ಪೂರ್ತಿ ಓದಿದೆವು. ಒಂದು ರಸ್ತೆ ತಡೆ ಮಾಡಿದ್ದಕ್ಕೆ. ಇನ್ನೊಂದು ಚೆಕ್ ಬೌನ್ಸ್. ಎರಡೂ ಒಂದೇ ತರದ್ದಲ್ಲ ಅಲ್ವಾ? ಎಷ್ಟು ಕೇಸು ಅಂತ ಎಣಿಸುವುದಕ್ಕಿಂತ ಏನು ಕೇಸು ಅಂತ ನೋಡಬೇಕು ಅನ್ನಿಸಿತು. ಎರಡನೆಯವರಿಗೆ ಕೇಸಿರಲಿಲ್ಲ, ಸಾಲವೂ ಇರಲಿಲ್ಲ. ಆದರೆ ಚರ್ಚೆಯಲ್ಲಿ ನಾನೂ ಬಡ ರೈತ ಅಂದಿದ್ದ ಅವರ ಆಸ್ತಿಯ ಪಟ್ಟಿ ಎರಡು ಪುಟ ಇತ್ತು. ಆಸ್ತಿ ಇರುವುದು ತಪ್ಪಲ್ಲ. ಬಡವ ಅಂದದ್ದು ನನಗೆ ನೋವಾಯಿತು.

ಹನ್ನೊಂದನೆಯ ದಿನ ಮೆಸೇಜ್ ಬಂತು. ಅರ್ಜಿ ಅಂಗೀಕಾರ. ಹೆಂಡತಿಯದ್ದೂ ಅದೇ ದಿನ. ಅಮ್ಮನಿಗೆ ಫೋನ್ ಮಾಡಿದೆ. "ಒಳ್ಳೇದಾಯ್ತು. ಎಲೆಕ್ಷನ್ ಇಲ್ದಿದ್ರೂ ಊರಿಗೆ ಬರ್ತಾ ಇರು" ಅಂದರು.

ಮತದಾನದ ದಿನ ಏಳಕ್ಕೇ ಶಾಲೆಯ ಹತ್ತಿರ ಹೋದೆವು. ಹೊರಗೆ ಟೇಬಲ್ ಹಾಕಿಕೊಂಡು ಕೂತಿದ್ದ ಪಕ್ಷದ ಹುಡುಗರು ಪಟ್ಟಿ ನೋಡಿ, "ಸಾರ್, ನಿಮ್ಮಿಬ್ಬರ ಹೆಸರೂ ಇಲ್ಲ" ಅಂದುಬಿಟ್ಟರು. ಎದೆ ಧಸಕ್ ಅಂತು. ಅವರ ಹತ್ತಿರ ಇದ್ದದ್ದು ಹಳೆಯ ಪಟ್ಟಿ. ಆಮೇಲೆ ಸೇರಿದವರ ಹೆಸರು ಕೊನೆಯ ಪೂರಕ ಪಟ್ಟಿಯಲ್ಲಿರುತ್ತದೆ. ಮಗಳು ಹಿಂದಿನ ದಿನವೇ ಆ್ಯಪ್‌ನಿಂದ ಭಾಗದ ಸಂಖ್ಯೆ, ಕ್ರಮಸಂಖ್ಯೆ ಬರೆದುಕೊಟ್ಟಿದ್ದಳು. ಆ ಚೀಟಿ ಇಲ್ಲದಿದ್ದರೆ ವಾಪಸ್ ಹೋಗಿಬಿಡುತ್ತಿದ್ದೆವೇನೋ. ಹೊಸದಾಗಿ ಸೇರಿದವರು ಇದನ್ನು ಮರೆಯಬೇಡಿ.

ಹೊಸ ಕಾರ್ಡ್ ಅಂಚೆಯಲ್ಲಿ ಇನ್ನೂ ಬಂದಿರಲಿಲ್ಲ. ಕಡೂರಿನ ವಿಳಾಸದ ಹಳೆಯ ಕಾರ್ಡನ್ನೇ ತೋರಿಸಿದೆ. ಏಜೆಂಟ್ ಒಬ್ಬರು, "ಇದು ಬೇರೆ ಕ್ಷೇತ್ರದ್ದಲ್ವಾ?" ಅಂದರು. ಮತಗಟ್ಟೆ ಅಧಿಕಾರಿ, ಪಟ್ಟಿಯಲ್ಲಿ ಹೆಸರಿದ್ದರೆ ಬೇರೆ ಕ್ಷೇತ್ರದಲ್ಲಿ ಕೊಟ್ಟ ಕಾರ್ಡೂ ನಡೆಯುತ್ತದೆ ಅಂತ ಹೇಳಿ ಕ್ರಮಸಂಖ್ಯೆ ಓದಿದರು. ಆಧಾರ್ ಕೂಡ ಜೇಬಿನಲ್ಲಿತ್ತು, ಬೇಕಾಗಲಿಲ್ಲ. ಬೆರಳಿಗೆ ಶಾಯಿ ಹಾಕಿಸಿಕೊಂಡು ಒಳಗೆ ಹೋದೆ. ಗುಂಡಿ ಒತ್ತಿದ ಮೇಲೆ ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡ್ ಚೀಟಿ ಕಾಣುತ್ತದೆ. ಆ ಏಳು ಸೆಕೆಂಡೂ ಅಲ್ಲೇ ನಿಂತು ನೋಡಿದೆ. ಮೈಕು ಹಿಡಿದು ನಿಂತಿದ್ದ ಆ ಹೆಂಗಸಿನ ಮುಖ ಕಣ್ಣ ಮುಂದಿತ್ತು. ಯಾರಿಗೆ ಹಾಕಿದೆ ಅಂತ ಹೆಂಡತಿಗೂ ಹೇಳಿಲ್ಲ, ಅವಳೂ ನನಗೆ ಹೇಳಿಲ್ಲ.

ಒಟ್ಟು ಖರ್ಚು ನೆಟ್ ಸೆಂಟರ್, ಜೆರಾಕ್ಸ್, ಪ್ರಿಂಟ್, ಬಸ್ಸು ಸೇರಿ ಮುನ್ನೂರು ರೂಪಾಯಿ ಒಳಗೆ. ಅರ್ಧ ದಿನದ ಸಂಬಳ ಬೇರೆ.

ಮನೆಗೆ ಬಂದ ಮೇಲೆ ಮಗಳು ಗ್ಯಾಸಿನ ಫೈಲ್ ಎಲ್ಲಿದೆ ಅಂತ ಅವರಮ್ಮನನ್ನು ಕೇಳಿದಳು. ಆಗಸ್ಟಿನಲ್ಲಿ ಅವಳಿಗೆ ಹದಿನೆಂಟು ತುಂಬುತ್ತದೆ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಹದಿನೇಳು ದಾಟಿದವರು ಮುಂಗಡವಾಗಿ ಫಾರಂ 6 ಹಾಕಬಹುದು. ಅವಳದ್ದು ಅಕ್ಟೋಬರ್ 1ರ ಲೆಕ್ಕಕ್ಕೆ ಬರುತ್ತದೆ. ನನ್ನ ಹೆಂಡತಿ ಈಗ ಇದೇ ವಿಳಾಸದ ಮತದಾರಳು, ಹಾಗಾಗಿ ಅವಳ ಬಿಲ್ಲು ಮಗಳಿಗೆ ನಡೆಯುತ್ತದೆ. ಬಿಲ್ಲನ್ನು ಕಿಟಕಿ ಹತ್ತಿರ ಬೆಳಕಿಗೆ ಹಿಡಿದು ಮಗಳೇ ಫೋಟೋ ತೆಗೆದುಕೊಂಡಳು, ಸೈಜು ಚಿಕ್ಕದು ಮಾಡಿಕೊಂಡಳು. ಆಮೇಲೆ ನನ್ನ ನೋಟ್‌ಬುಕ್ಕಿನ ಆ ಹಾಳೆ ಇನ್ನೂ ಇದೆಯಾ ಅಂತ ಕೇಳಿದಳು. ಇದೆ ಅಂದೆ.